ಜನಸಂದಣಿಯಿಲ್ಲದ ಬೆಟ್ಟದಲ್ಲಿ ನಿಧಾನ ನಡಿಗೆ: ಮುನ್ಸ್ಯಾರಿ ಮತ್ತು ಜೋಹಾರ್ ಕಣಿವೆಗೆ ಹೊರಟವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 57 ವರ್ಷ, ನಮ್ಮ ಯಜಮಾನರಿಗೆ 62. ಇಬ್ಬರೂ ನಿವೃತ್ತರಾಗಿದ್ದೇವೆ. ದಿನಕ್ಕೆ ನಾಲ್ಕು ಊರು ತೋರಿಸುವ ಪ್ರವಾಸಗಳು ಸಾಕಾಗಿ, ಈ ಅಕ್ಟೋಬರಿನಲ್ಲಿ ಹನ್ನೆರಡು ದಿನಗಳನ್ನು ತೆಗೆದಿಟ್ಟು ಉತ್ತರಾಖಂಡದ ಮುನ್ಸ್ಯಾರಿಗೆ ಹೋಗಿ, ಅಲ್ಲಿಂದ ಜೋಹಾರ್ ಕಣಿವೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಿಧಾನವಾಗಿ ನಡೆದು, ಸಾಧ್ಯವಾದರೆ ಮಿಲಂ ಹಳ್ಳಿಯವರೆಗೆ ಹೋಗಿ ಬರಬೇಕೆಂದುಕೊಂಡಿದ್ದೇವೆ. ಸಮುದ್ರಮಟ್ಟದ ಊರಿನಲ್ಲಿರುವವರು ನಾವು; ದಿನವೂ ಐದು ಕಿಲೋಮೀಟರ್ ಸಮತಟ್ಟಿನಲ್ಲಿ ನಡೆಯುತ್ತೇವೆ. ಯಜಮಾನರಿಗೆ ರಕ್ತದೊತ್ತಡವಿದ್ದು ಮಾತ್ರೆಯಿಂದ ಹತೋಟಿಯಲ್ಲಿದೆ. ನನಗೆ ಮೆಟ್ಟಿಲು ಇಳಿಯುವಾಗ ಬಲ ಮಂಡಿ ನೋಯುತ್ತದೆ. ಹೆಸರೇ ಕೇಳಿರದ ಜಾಗಕ್ಕೆ ಇಬ್ಬರೇ ಹೋಗುವುದು ಅಪಾಯ, ಹೋಗುವುದಾದರೆ ಎಲ್ಲರೂ ಹೋಗುವ ಪ್ರಸಿದ್ಧ ಚಾರಣಕ್ಕೆ ಕಂಪನಿಯೊಂದರ ಜೊತೆ ಹೋಗಿ ಎಂಬುದು ಮಗನ ಹಟ. ನಾಲ್ಕು ಸಾವಿರ ಮೀಟರಿನೊಳಗೆ ಎತ್ತರದ ತೊಂದರೆ ಬರುವುದೇ ಇಲ್ಲ, ಬಂದರೂ ಕರ್ಪೂರ ಮೂಸಿದರೆ ಸಾಕು ಎನ್ನುತ್ತಾರೆ ಪರಿಚಿತರೊಬ್ಬರು. ಮಾರ್ಗದರ್ಶಕರಿಲ್ಲದೆ ನಡೆಯಬಹುದೇ? ನಮ್ಮ ಯೋಜನೆ ಸಾಧ್ಯವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಜಾಗ ಸುರಕ್ಷಿತವೇ ಎಂಬುದು ಒಂದು, ದೇಹ ಸಹಕರಿಸೀತೇ ಎಂಬುದು ಇನ್ನೊಂದು, ಇಬ್ಬರೇ ನಿಭಾಯಿಸಬಲ್ಲೆವೇ ಎಂಬುದು ಮತ್ತೊಂದು. ನೀವು ಕೇಳದೆ ಬಿಟ್ಟ ನಾಲ್ಕನೆಯ ವಿಷಯವೇ ಇವೆಲ್ಲಕ್ಕಿಂತ ದೊಡ್ಡದು, ಅದು ದಿನಗಳ ಲೆಕ್ಕ. ಆದ್ದರಿಂದ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮುನ್ಸ್ಯಾರಿಯ ಆಯ್ಕೆ ನಿಮಗೆ ಹೇಳಿ ಮಾಡಿಸಿದಂತಿದೆ, ಮಿಲಂ ಈ ಸಲದ ಹನ್ನೆರಡು ದಿನಗಳಲ್ಲಿ ಆಗುವುದಿಲ್ಲ. ಇದಕ್ಕೆ ನಿಮ್ಮ ವಯಸ್ಸು ಕಾರಣವಲ್ಲ.

ಲೆಕ್ಕ ಹೀಗಿದೆ. ರೈಲು ಕೊನೆಗೊಳ್ಳುವ ಕಾಠಗೋದಾಮಿನಿಂದ ಮುನ್ಸ್ಯಾರಿಗೆ ಸುಮಾರು 280 ಕಿಲೋಮೀಟರ್. ಬಯಲಿನ ಹೆದ್ದಾರಿಯಲ್ಲಿ ಅದು ಅರ್ಧ ದಿನದ ಮಾತು. ಇಲ್ಲಿ ತಿರುವು ತಿರುವಿನ ಬೆಟ್ಟದ ರಸ್ತೆಯಾದ್ದರಿಂದ ಒಂದೇ ದಿನದಲ್ಲಿ ಹೋಗಲು ಹತ್ತು ಹನ್ನೆರಡು ಗಂಟೆ ಬೇಕು. ಅಷ್ಟು ಹೊತ್ತು ಜೀಪಿನಲ್ಲಿ ಕುಲುಕಿಸಿಕೊಂಡು ಇಳಿದವರಿಗೆ ಮರುದಿನ ನಡೆಯುವ ಮನಸ್ಸೇ ಇರುವುದಿಲ್ಲ. ಮೊದಲ ದಿನ ದೆಹಲಿ ತಲುಪಿ ರಾತ್ರಿಯ ರೈಲು ಹಿಡಿದರೆ, ಎರಡನೆಯ ರಾತ್ರಿ ಅಲ್ಮೋರಾದಲ್ಲಿ, ಮೂರನೆಯ ರಾತ್ರಿ ಚೌಕೋರಿಯಲ್ಲಿ ತಂಗಿ, ನಾಲ್ಕನೆಯ ದಿನ ಮಧ್ಯಾಹ್ನ ಮುನ್ಸ್ಯಾರಿ ಸೇರಬಹುದು. ವಾಪಸಾಗಲು ಹತ್ತನೆಯ ದಿನ ಬೆಳಿಗ್ಗೆ ಹೊರಡಲೇಬೇಕು. ನಡುವೆ ಪೂರ್ತಿಯಾಗಿ ಸಿಗುವುದು ಐದು ದಿನ. ರಸ್ತೆ ಕುಸಿದರೆ ಅಥವಾ ಮಳೆ ಹಿಡಿದರೆ ಎಂದು ಒಂದು ದಿನವನ್ನು ಕೈಯಲ್ಲಿಟ್ಟುಕೊಂಡರೆ ನಡಿಗೆಗೆ ಉಳಿಯುವುದು ನಾಲ್ಕೇ. ಮಿಲಂ ಹಳ್ಳಿ ಮುನ್ಸ್ಯಾರಿಯಿಂದ ಸುಮಾರು 55ರಿಂದ 60 ಕಿಲೋಮೀಟರ್ ದೂರದಲ್ಲಿದ್ದು, ಕಾಲ್ನಡಿಗೆಯಲ್ಲಿ ಹೋಗಿ ಬರಲು ಗಟ್ಟಿ ಕಾಲಿನವರಿಗೂ ಏಳೆಂಟು ದಿನ ಬೇಕಾಗುತ್ತದೆ. ಇದನ್ನು ಹೇಗೋ ತುರುಕಲು ಹೊರಟರೆ ಯಾವ ಓಡುವ ಪ್ರವಾಸದಿಂದ ತಪ್ಪಿಸಿಕೊಳ್ಳಲು ಬಯಸಿದ್ದೀರೋ ಅದನ್ನೇ ಬೆಟ್ಟಕ್ಕೆ ಹೊತ್ತೊಯ್ದಂತಾಗುತ್ತದೆ.

ಈಗ ಮಗನ ಮಾತಿಗೆ ಬರೋಣ. ಹೆಸರಿಲ್ಲದ ಜಾಗವೆಂದರೆ ಅಪಾಯದ ಜಾಗ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ, ಅರ್ಧ ಭ್ರಮೆಯಿದೆ. ಮನುಷ್ಯರ ಭಯವನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಹಾಗೆ ಹೇಳುತ್ತಿದ್ದರೆ ಅದು ಭ್ರಮೆ. ಮುನ್ಸ್ಯಾರಿಯ ಸುತ್ತಲಿನ ಹಳ್ಳಿಗಳಲ್ಲಿ ಅಪರಿಚಿತರು ಎಲ್ಲರ ಕಣ್ಣಿಗೂ ಬೀಳುತ್ತಾರೆ, ಬೆಳಿಗ್ಗೆ ಯಾವ ಕಡೆ ಹೋದಿರಿ ಎಂಬುದು ಸಂಜೆಯೊಳಗೆ ಊರಿಗೇ ಗೊತ್ತಿರುತ್ತದೆ. ನಿಮ್ಮಂಥವರಿಗೆ ಇದು ರಕ್ಷಣೆಯೇ. ಆದರೆ ಕಾಲು ಉಳುಕಿದರೆ, ಎದೆ ನೋವು ಕಾಣಿಸಿಕೊಂಡರೆ, ನೆರವು ಎಷ್ಟು ಹೊತ್ತಿನಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯಲ್ಲಿ ಅವರು ಹೇಳುವುದು ಸರಿ. ಮುನ್ಸ್ಯಾರಿಯಲ್ಲಿ ಪ್ರಾಥಮಿಕ ಚಿಕಿತ್ಸೆ ದೊರೆಯುತ್ತದೆ; ಅದಕ್ಕಿಂತ ಹೆಚ್ಚಿನದು ಬೇಕಾದರೆ ಜಿಲ್ಲಾ ಕೇಂದ್ರವಾದ ಪಿಥೋರಾಗಢಕ್ಕೆ ಹಲವು ಗಂಟೆಗಳ ರಸ್ತೆ ಪ್ರಯಾಣವಿದೆ. ಕಣಿವೆಯ ಒಳಗೆ ಎರಡು ದಿನ ನಡೆದು ಹೋಗಿದ್ದರೆ ಆ ಗಂಟೆಗಳಿಗೆ ಇನ್ನೆರಡು ದಿನ ಸೇರಿಸಿಕೊಳ್ಳಬೇಕು. ಪ್ರಸಿದ್ಧ ಚಾರಣಮಾರ್ಗದಲ್ಲಿ ಹಿಂದೆ ಮುಂದೆ ಜನರಿರುತ್ತಾರೆ, ಕೆಲವೊಮ್ಮೆ ಆಮ್ಲಜನಕದ ಸಿಲಿಂಡರೂ ಇರುತ್ತದೆ. ಇಲ್ಲಿ ಸಿಗುವ ಮೌನಕ್ಕೆ ನೀವು ತೆರುವ ಬೆಲೆ ಈ ದೂರ. ಹಾಗಾಗಿ ಬೆಟ್ಟ ಎಷ್ಟು ಎತ್ತರ ಎಂದು ಕೇಳುವುದಕ್ಕಿಂತ, ಈ ಜಾಗದಲ್ಲಿ ನಡೆಯಲಾರದ ಸ್ಥಿತಿ ಬಂದರೆ ರಸ್ತೆ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ಕೇಳಿಕೊಂಡು ಪ್ರತಿದಿನದ ನಡಿಗೆಯನ್ನು ಗೊತ್ತುಮಾಡಿಕೊಳ್ಳಿ. ನಿಮ್ಮ ವಯಸ್ಸಿನ ತಂಡಗಳಿಗೆ ನಾನು ಇಟ್ಟುಕೊಂಡಿರುವ ಮಿತಿ ಮೂರು ಗಂಟೆ.

ಮಾರ್ಗದರ್ಶಕರಿಲ್ಲದೆ ನಡೆಯಬಹುದೇ ಎಂದು ಕೇಳಿದ್ದೀರಿ. ಹಳ್ಳಿಗಳ ನಡುವೆ, ಜನ ಓಡಾಡುವ ಹೊತ್ತಿನಲ್ಲಿ, ಖಂಡಿತ ನಡೆಯಬಹುದು. ಕಾಡು ಮತ್ತು ಹುಲ್ಲುಗಾವಲಿನ ಕಡೆಗೆ ಬೇಡ. ಇಂತಹ ಊರುಗಳ ಕಾಲ್ದಾರಿಗಳು ಪ್ರವಾಸಿಗರಿಗಾಗಿ ಹುಟ್ಟಿದವಲ್ಲ. ಶಾಲೆಗೆ, ಹೊಲಕ್ಕೆ, ನೀರಿಗೆ, ಸೌದೆಗೆ, ಹುಲ್ಲಿಗೆ ಎಂದು ಒಂದೊಂದು ಕೆಲಸಕ್ಕೆ ಒಂದೊಂದು ದಾರಿಯಿರುತ್ತದೆ. ಫಲಕವಿರುವುದಿಲ್ಲ, ಏಕೆಂದರೆ ಬಳಸುವವರಿಗೆ ಅದು ಬೇಕಿಲ್ಲ. ಇವುಗಳಲ್ಲಿ ಹೊರಗಿನವರನ್ನು ಹೆಚ್ಚು ದಿಕ್ಕುತಪ್ಪಿಸುವುದು ಹುಲ್ಲು ಕೊಯ್ಯುವವರ ದಾರಿ. ಅಕ್ಟೋಬರ್ ಹೊತ್ತಿಗೆ ಚಳಿಗಾಲಕ್ಕಾಗಿ ಹುಲ್ಲು ಕೊಯ್ದು ಕೂಡಿಡುವ ಕೆಲಸ ನಡೆಯುವುದರಿಂದ ಈ ದಾರಿಗಳು ಹೊಸದಾಗಿ ತುಳಿದಂತೆ ಸ್ಪಷ್ಟವಾಗಿ ಕಾಣುತ್ತವೆ, ಅರ್ಧ ಗಂಟೆ ಚೆನ್ನಾಗಿಯೇ ಕರೆದೊಯ್ಯುತ್ತವೆ, ಆಮೇಲೆ ಕಡಿದಾದ ಇಳಿಜಾರಿನ ನಡುವೆ ಇದ್ದಕ್ಕಿದ್ದಂತೆ ಮುಗಿದುಹೋಗುತ್ತವೆ. ಕೊಯ್ಯುವ ಹೆಂಗಸರಿಗೆ ಆ ಇಳಿಜಾರು ಅಂಗಳ. ನಿಮಗೆ ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಯೂ ಜಾರು. ದಾರಿ ಕಿರಿದಾಗುತ್ತಾ ಹೋಗಿ, ಸಗಣಿಯಾಗಲಿ ಗೊರಸಿನ ಗುರುತಾಗಲಿ ಕಾಣದಾದಾಗ, ಮುಂದೆ ದಾರಿ ಸಿಕ್ಕೀತು ಎಂಬ ಆಸೆಯಿಂದ ಮುಂದುವರಿಯದೆ ಬಂದ ದಾರಿಯಲ್ಲೇ ಹಿಂತಿರುಗಬೇಕು. ಅಡ್ಡಹಾಯ್ದು ಇಳಿದರೆ ಬೇಗ ತಲುಪುತ್ತೇವೆ ಎಂದು ಹೊರಟವರನ್ನೇ ಕತ್ತಲಾದ ಮೇಲೆ ಹುಡುಕಲು ಹೋಗಬೇಕಾಗಿ ಬರುವುದು. ಮೊಬೈಲಿನ ನಕ್ಷೆಯಲ್ಲಿ ಗೆರೆ ಇದೆ ಎಂಬುದೂ ಪೂರ್ಣ ಭರವಸೆಯಲ್ಲ; ಈ ಮಳೆಗಾಲದಲ್ಲಿ ಯಾವ ತಿರುವು ಕುಸಿದಿದೆ ಎಂಬುದು ಆ ಗೆರೆಗೆ ಗೊತ್ತಿರುವುದಿಲ್ಲ. ಹಾಗೆಂದು ನಕ್ಷೆ ನಿರುಪಯೋಗಿಯಲ್ಲ. ಮೊದಲೇ ಇಳಿಸಿಕೊಂಡಿದ್ದರೆ ಸಿಗ್ನಲ್ ಇಲ್ಲದ ಕಡೆಯೂ ಜಿಪಿಎಸ್ ಕೆಲಸ ಮಾಡುತ್ತದೆ, ಹಿಂದಿರುಗುವ ದಾರಿಯನ್ನು ತೋರಿಸುತ್ತದೆ.

ಪ್ರಾಣಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಎಲ್ಲರೂ ಚಿರತೆಗೆ ಹೆದರುತ್ತಾರೆ. ಹಗಲಿನ ನಡಿಗೆಯಲ್ಲಿ ಅದಕ್ಕಿಂತ ಹೆಚ್ಚಾಗಿ ಎದುರಾಗುವುದು ಕುರಿಮಂದೆಯ ಕಾವಲು ನಾಯಿ. ಅಕ್ಟೋಬರಿನಲ್ಲಿ ಎತ್ತರದ ಹುಲ್ಲುಗಾವಲುಗಳಿಂದ, ಅಂದರೆ ಬುಗ್ಯಾಲುಗಳಿಂದ, ಮಂದೆಗಳು ಕೆಳಗಿಳಿಯುತ್ತವೆ, ಜೊತೆಗೆ ದೊಡ್ಡ ಗಾತ್ರದ ಭೋಟಿಯಾ ನಾಯಿಗಳಿರುತ್ತವೆ. ದೂರದಿಂದಲೇ ನಿಂತು ಕುರುಬರನ್ನು ಕೂಗಿ ಕರೆಯಿರಿ, ಅವರು ನಾಯಿಯನ್ನು ಹಿಡಿದುಕೊಂಡ ಮೇಲೆ ದಾಟಿ. ಮಂದೆಯ ನಡುವೆ ನುಗ್ಗಿ ಫೋಟೋ ತೆಗೆಯುವ ಉತ್ಸಾಹ ಬೇಡ. ಶರತ್ಕಾಲದಲ್ಲಿ ಕರಡಿಗಳು ಚಳಿಗಾಲಕ್ಕೆ ಮುನ್ನ ಹೊಟ್ಟೆ ತುಂಬಿಸಿಕೊಳ್ಳಲು ಹೊಲಗಳಂಚಿಗೆ ಬರುತ್ತವೆ. ಬೆಳಗಿನ ಮಬ್ಬಿನಲ್ಲೂ ಸಂಜೆಗತ್ತಲಲ್ಲೂ ಕಾಡಂಚಿನಲ್ಲಿ ನಡೆಯದಿರುವುದು, ನಡೆಯಬೇಕಾಗಿ ಬಂದರೆ ಜೋರಾಗಿ ಮಾತಾಡಿಕೊಂಡು ಹೋಗುವುದು ಸಾಕು.

ಎತ್ತರದ ವಿಚಾರಕ್ಕೆ ಬಂದರೆ, ನಿಮ್ಮ ಪರಿಚಿತರ ಮಾತು ತಪ್ಪು. ಎತ್ತರದ ಕಾಯಿಲೆ 2,500 ಮೀಟರಿನಿಂದಲೇ ಕಾಣಿಸಿಕೊಳ್ಳಬಹುದು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಸುಮಾರು ಶೇ. 21 ಆಗಿಯೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 2,200 ಮೀಟರ್ ಎತ್ತರದ ಮುನ್ಸ್ಯಾರಿಯಲ್ಲಿ ಅದು ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚಿದ್ದರೆ, 3,500 ಮೀಟರಿನಲ್ಲಿ ಮೂರನೇ ಎರಡು ಭಾಗದಷ್ಟಾಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದರದೇ ವೇಗದಲ್ಲಿ. ದಿನವೂ ವ್ಯಾಯಾಮ ಮಾಡುವವರಿಗೆ ಬರುವುದಿಲ್ಲ ಎಂಬುದೂ ಸುಳ್ಳು. ಗಟ್ಟಿ ಕಾಲಿನ ಯುವಕರು ಬೇಗ ಏರಿಬಿಡುವುದರಿಂದಲೇ ಬೇಗ ಮಲಗುತ್ತಾರೆ, ವಯಸ್ಸಾದವರು ನಿಧಾನವಾಗಿ ಹೋಗಿ ಪಾರಾಗುತ್ತಾರೆ ಎಂಬುದು ನಾನು ಮತ್ತೆ ಮತ್ತೆ ಕಂಡಿರುವ ಸಂಗತಿ. ಮುಖ್ಯವಾಗಿ ಗಮನಿಸಬೇಕಾದದ್ದು ಹಗಲಿನಲ್ಲಿ ಮುಟ್ಟಿ ಬಂದ ಎತ್ತರವನ್ನಲ್ಲ, ರಾತ್ರಿ ಮಲಗುವ ಎತ್ತರವನ್ನು. 3,000 ಮೀಟರಿನ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ಪರ್ವತ ವೈದ್ಯರು ಸಾಮಾನ್ಯವಾಗಿ ಒಪ್ಪುವ ನಿಯಮ. ಈ ದೃಷ್ಟಿಯಿಂದ ಅಲ್ಮೋರಾದ 1,600, ಚೌಕೋರಿಯ 2,000, ಮುನ್ಸ್ಯಾರಿಯ 2,200 ಮೀಟರುಗಳು ಮೆಟ್ಟಿಲಿನಂತೆ ಒದಗಿಬಂದಿವೆ. ರಸ್ತೆಯಲ್ಲಿ ಕಳೆದ ಎರಡು ರಾತ್ರಿಗಳು ವ್ಯರ್ಥವಾಗುವುದಿಲ್ಲ.

ಕರ್ಪೂರ ಮೂಸುವುದರಿಂದ ಮೂಗು ತೆರೆದಂತಾಗಿ ಹಿತವೆನಿಸಬಹುದು, ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಬೆಳ್ಳುಳ್ಳಿ ತಿಂದರೆ ಎತ್ತರದ ತೊಂದರೆ ಬರದು ಎಂಬ ಮಾತೂ ಇಷ್ಟೇ. ಹಿತವೆನಿಸಿದ್ದನ್ನೇ ಚಿಕಿತ್ಸೆಯೆಂದು ತಿಳಿದು, ಇಳಿಯಬೇಕಾದವರು ಇನ್ನೊಂದು ರಾತ್ರಿ ಅಲ್ಲೇ ಉಳಿದುಬಿಡುವುದು ಇವುಗಳಿಂದಾಗುವ ನಿಜವಾದ ಕೆಡುಕು. ತಲೆನೋವಿನ ಜೊತೆ ವಾಕರಿಕೆ, ಸುಸ್ತು, ತಲೆಸುತ್ತು ಇದ್ದರೆ ಅಂದು ಮೇಲೆ ಹೋಗಬಾರದು. ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಎತ್ತರದ ತೊಂದರೆಯೆಂದೇ ತಿಳಿಯಬೇಕು. ನಡಿಗೆ ತೂರಾಡುವುದು, ಮಾತು ತೊದಲುವುದು, ಸುಮ್ಮನೆ ಕೂತಾಗಲೂ ಏದುಸಿರು ಬರುವುದು ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಗಿದ್ದರೂ ಇಳಿಸಬೇಕು. ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಮಾತ್ರೆಗೆ ನಿಜವಾದ ಪರಿಣಾಮವಿದೆ, ಅದು ಹೊಂದಾಣಿಕೆಯನ್ನು ಚುರುಕುಗೊಳಿಸುತ್ತದೆ. ಆದರೆ ಹಗಲು ಮೇಲೆ ಹೋಗಿ ರಾತ್ರಿ ಮುನ್ಸ್ಯಾರಿಗೆ ಮರಳುವ ಯೋಜನೆಯಲ್ಲಿ ನಿಮಗೆ ಅದರ ಅಗತ್ಯ ಬೀಳಲಾರದು. ಅದು ಮೂತ್ರ ಹೆಚ್ಚಿಸುವ ಔಷಧ. ನಿಮ್ಮ ಪತಿಯ ರಕ್ತದೊತ್ತಡದ ಮಾತ್ರೆಯಲ್ಲೂ ಅದೇ ಗುಣದ ಅಂಶವಿದ್ದರೆ ದೇಹದ ಲವಣಾಂಶ ಏರುಪೇರಾಗಬಹುದು. ಸಲ್ಫಾ ಔಷಧಗಳ ಅಲರ್ಜಿ ಇದ್ದವರೂ ಮೊದಲೇ ವೈದ್ಯರಿಗೆ ತಿಳಿಸಬೇಕು. ಹತೋಟಿಯಲ್ಲಿರುವ ರಕ್ತದೊತ್ತಡವೇ ಇಂತಹ ಪ್ರವಾಸಕ್ಕೆ ಅಡ್ಡಿಯಲ್ಲ. ಆದರೆ ಎತ್ತರಕ್ಕೆ ಹೋದ ಮೊದಲ ಕೆಲವು ದಿನ ಒತ್ತಡ ಸ್ವಲ್ಪ ಏರುವುದು ಸಹಜವಾದ್ದರಿಂದ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದು, ಅಳೆಯುವ ಯಂತ್ರವನ್ನು ಜೊತೆಗೊಯ್ಯುವುದು ಒಳ್ಳೆಯದು. 62ರ ವಯಸ್ಸಿನಲ್ಲಿ ಹೊರಡುವ ಮುನ್ನ ಹೃದಯ ತಪಾಸಣೆ ಮಾಡಿಸಿಕೊಳ್ಳಲೇಬೇಕು; ಏರುವಾಗ ಎದೆ ಹಿಡಿದಂತಾಗುವ ಅನುಭವ ಊರಿನಲ್ಲೇ ಆಗುತ್ತಿದ್ದರೆ ಅದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ.

ನಿಜ ಹೇಳಬೇಕೆಂದರೆ ನನಗೆ ಅವರ ರಕ್ತದೊತ್ತಡಕ್ಕಿಂತ ನಿಮ್ಮ ಮಂಡಿಯದೇ ಹೆಚ್ಚು ಯೋಚನೆ. ಬೆಟ್ಟ ಹತ್ತಲು ಉಸಿರು ಬೇಕು, ಇಳಿಯಲು ತೊಡೆ ಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯುತ್ತದೆ. ಈ ಬಗೆಯ ಕೆಲಸ ಸಮತಟ್ಟಿನ ಐದು ಕಿಲೋಮೀಟರ್ ನಡಿಗೆಯಲ್ಲಿ ಬಹುಮಟ್ಟಿಗೆ ಇರುವುದೇ ಇಲ್ಲ. ಸ್ನಾಯು ಸೋತಾಗ ಭಾರವೆಲ್ಲ ಮಂಡಿಚಿಪ್ಪಿನ ಹಿಂಭಾಗಕ್ಕೆ ಬೀಳುತ್ತದೆ. ನಿಮಗೆ ಮೆಟ್ಟಿಲು ಇಳಿಯುವಾಗ ಮಾತ್ರ ನೋಯುವುದಕ್ಕೆ ಬಹುಶಃ ಇದೇ ಕಾರಣ. ಮಂಡಿ ಊದಿಕೊಳ್ಳುತ್ತಿದ್ದರೆ, ನಡುವೆ ಸಿಕ್ಕಿಹಾಕಿಕೊಂಡಂತಾಗುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಬಲ ಬಿಟ್ಟುಬಿಡುತ್ತಿದ್ದರೆ ಮೊದಲು ಮೂಳೆ ತಜ್ಞರನ್ನು ಕಾಣಬೇಕು. ಅವೇನೂ ಇಲ್ಲವಾದರೆ ಈಗಿನಿಂದಲೇ, ಕನಿಷ್ಠ ಎಂಟು ವಾರ, ಮೆಟ್ಟಿಲು ಇಳಿಯುವುದನ್ನೇ ಅಭ್ಯಾಸ ಮಾಡಿ: ಮೊದಲು ಒಂದು ಮಹಡಿ, ನೋವು ಹೆಚ್ಚದಿದ್ದರೆ ಎರಡು, ಪ್ರತಿ ಮೆಟ್ಟಿಲಿನಲ್ಲೂ ಪಾದವನ್ನು ಸದ್ದಾಗದಂತೆ ಇಡುತ್ತಾ, ವಾರಕ್ಕೆ ಮೂರು ದಿನ. ಮೊದಲ ಸಲ ಮಾಡಿದ ಮರುದಿನ ತೊಡೆ ಹಿಡಿದುಕೊಳ್ಳುತ್ತದೆ, ಎರಡು ಮೂರನೆಯ ಸಲಕ್ಕೆ ಅದು ತುಂಬ ಕಡಿಮೆಯಾಗುತ್ತದೆ. ಸ್ನಾಯುಗಳು ಈ ಪಾಠವನ್ನು ಬೇಗ ಕಲಿಯುತ್ತವೆ. ಬೆಟ್ಟದಲ್ಲಿ ಎರಡು ಊರುಗೋಲುಗಳನ್ನು ಬಳಸಿ, ಇಳಿಯುವಾಗ ಅವನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ, ಹೆಜ್ಜೆಯನ್ನು ಚಿಕ್ಕದಾಗಿಸಿ. ನೋವಿನ ಮಾತ್ರೆ ನುಂಗಿ ಇಳಿಯುವುದು ಬೇಡ, ನಿಲ್ಲಬೇಕಾದ ಹೊತ್ತು ಗೊತ್ತಾಗದೆ ಹೋಗುತ್ತದೆ. ನಿಮ್ಮ ಪತಿಯಂತೂ ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಲೇಬಾರದು, ಅವು ರಕ್ತದೊತ್ತಡವನ್ನು ಏರಿಸಬಲ್ಲವು.

ಇನ್ನು ನಡಿಗೆಯ ವೇಗ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಪರ್ವತ ನಡಿಗೆಯವರು ಇಂದಿಗೂ ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರ ಲೆಕ್ಕ, ವಿಶ್ರಾಂತಿ ಇದರಲ್ಲಿ ಸೇರಿಲ್ಲ. ನೀವಿಬ್ಬರೂ ಬಂದ ಉತ್ತರವನ್ನು ಒಂದೂಮುಕ್ಕಾಲರಿಂದ ಗುಣಿಸಿಕೊಳ್ಳಿ. ಮುನ್ಸ್ಯಾರಿಯ ಮೇಲಿರುವ, ಸುಮಾರು 3,500 ಮೀಟರ್ ಎತ್ತರದ ಖಲಿಯಾ ಟಾಪ್ ಹುಲ್ಲುಗಾವಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ರಸ್ತೆಯಿಂದ ಆರು ಕಿಲೋಮೀಟರಿನಷ್ಟು ದಾರಿ, 700ರಿಂದ 800 ಮೀಟರ್ ಏರು. ನೇಸ್ಮಿತ್ ಲೆಕ್ಕದಲ್ಲಿ ಎರಡೂವರೆ ಗಂಟೆ, ನಿಮ್ಮ ಲೆಕ್ಕದಲ್ಲಿ ನಾಲ್ಕೂಕಾಲು. ನಿಮ್ಮ ಮಂಡಿಯನ್ನು ಗಮನದಲ್ಲಿಟ್ಟುಕೊಂಡು ಇಳಿಯಲು ಮೂರು ಗಂಟೆ, ಊಟ ವಿಶ್ರಾಂತಿಗೆ ಒಂದೂವರೆ ಗಂಟೆ ಸೇರಿಸಿದರೆ ಒಂಬತ್ತು ಗಂಟೆ ಸಮೀಪಿಸುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸಂಜೆ ಐದೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಬೆಟ್ಟದ ನೆರಳು ಅದಕ್ಕೂ ಮೊದಲೇ ಬೀಳುತ್ತದೆ. ಆದ್ದರಿಂದ ಬೆಳಿಗ್ಗೆ ಆರೂವರೆ ಏಳಕ್ಕೆ ರಸ್ತೆ ಬಿಟ್ಟಿರಬೇಕು, ಎಲ್ಲಿಯೇ ಇದ್ದರೂ ಹನ್ನೊಂದೂವರೆಗೆ ಹಿಂದಿರುಗಬೇಕು. ತುದಿ ಮುಟ್ಟದಿದ್ದರೂ ನಷ್ಟವಿಲ್ಲ. ಮರಗಳ ಸಾಲು ಮುಗಿದು ಹುಲ್ಲು ತೆರೆದುಕೊಳ್ಳುವಲ್ಲಿಂದಲೇ ಪಂಚಚೂಲಿಯ ಐದೂ ಶಿಖರಗಳು ಎದುರಿಗಿರುತ್ತವೆ. ದಾರಿಯಲ್ಲಿ ಸಿಕ್ಕವರನ್ನು ಇನ್ನೆಷ್ಟು ದೂರ ಎಂದು ಕೇಳಿದರೆ ಇಲ್ಲೇ ಹತ್ತಿರ ಎನ್ನುತ್ತಾರೆ, ಅವರ ಕಾಲಿಗೆ ಅದು ಹತ್ತಿರವೇ ಹೌದು. ಸ್ವಂತ ಹೆಜ್ಜೆಯ ಅಳತೆ ತಿಳಿದಿರುವುದು ಎಷ್ಟು ಉಪಯುಕ್ತ ಎಂಬುದಕ್ಕೆ ಈ ಕಣಿವೆಯವರೇ ಸಾಕ್ಷಿ. ಮಿಲಂನ ನೈನ್ ಸಿಂಗ್ ರಾವತ್ 108ರ ಬದಲು 100 ಮಣಿಗಳ ಜಪಮಾಲೆ ಹಿಡಿದು, ನೂರು ಹೆಜ್ಜೆಗೊಂದು ಮಣಿ ಸರಿಸುತ್ತಾ ಟಿಬೆಟ್ಟಿನ ದಾರಿಗಳನ್ನು ಅಳೆದರು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಅವರಿಗೆ ಚಿನ್ನದ ಪದಕ ನೀಡಿತು. ನಿಮಗೆ ಜಪಮಾಲೆ ಬೇಡ. ಹೊರಡುವ ಮುನ್ನ ಊರಿನ ಯಾವುದಾದರೂ ಏರುದಾರಿಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ನಿಮ್ಮ ಒಂದು ಗಂಟೆಯ ನಡಿಗೆ ಎಷ್ಟು ದೂರ ಎಂದು ಅಳೆದುಕೊಳ್ಳಿ.

ಹಾಗಾದರೆ ಆ ಐದು ದಿನಗಳಲ್ಲಿ ಏನು ಮಾಡಬಹುದು? ನನ್ನ ಸಲಹೆ, ಒಂದೇ ಊರಿನಲ್ಲಿ ಬೇರೂರಿ ಅಲ್ಲಿಂದ ದಿನವೂ ಹೊರಟು ಮರಳುವುದು. ಮುನ್ಸ್ಯಾರಿಗೆ ಅಂಟಿಕೊಂಡಿರುವ ಸರ್ಮೋಲಿಯಲ್ಲಿ ಮಹಿಳೆಯರು ಮುಂದಾಳತ್ವ ವಹಿಸಿ ನಡೆಸುವ ಹೋಮ್‌ಸ್ಟೇಗಳಿವೆ. 2023ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಅತ್ಯುತ್ತಮ ಪ್ರವಾಸಿ ಗ್ರಾಮವೆಂದು ಗುರುತಿಸಿದ್ದು ಇದೇ ಊರನ್ನು. ಅಲ್ಲಿನ ಕಾಡಿನೊಳಗಿನ ಮೇಸರ್ ಕುಂಡ ಎಂಬ ಕೊಳಕ್ಕೆ, ನೀವು ಬಂದ ಮರುದಿನವೇ ಹೋಗಬಹುದು, ಉಸಿರು ಹೊಂದಿಕೊಳ್ಳಲು ಅಷ್ಟು ದೂರ ಸರಿಯಾಗುತ್ತದೆ. ಆ ಕಾಡನ್ನು ನೋಡಿಕೊಳ್ಳುವುದು ವನ ಪಂಚಾಯತಿ. ಕಾಡಿನ ಮೇಲಿನ ಹಕ್ಕಿಗಾಗಿ 1921ರಲ್ಲಿ ಕುಮಾವೂನಿನ, ಅಂದರೆ ಉತ್ತರಾಖಂಡದ ಈ ಪೂರ್ವಭಾಗದ, ಜನ ನಡೆಸಿದ ಚಳವಳಿಯ ನಂತರ, 1931ರ ನಿಯಮಗಳ ಮೂಲಕ ರೂಪುಗೊಂಡ ವ್ಯವಸ್ಥೆ ಇದು. ಯಾವ ಭಾಗದ ಹುಲ್ಲನ್ನು ಯಾವಾಗ ಕೊಯ್ಯಬೇಕು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ, ಹಾಗಾಗಿ ಬೇಲಿ ಅಡ್ಡ ಬಂದರೆ ದಾಟುವ ಮುನ್ನ ಕೇಳಬೇಕು. ಇನ್ನೊಂದು ದಿನ ಉಣ್ಣೆ ನೇಯ್ಗೆಗೆ ಹೆಸರಾದ ದರ್ಕೋಟ್ ಕಡೆಗೆ ಇಳಿಯಬಹುದು. ಹೋಗುವಾಗ ಇಳಿತ, ಬರುವಾಗ ಏರು ಎಂಬುದನ್ನು ನೆನಪಿಡಿ. ಮಂಡಿ ತಕರಾರು ಮಾಡಿದರೆ ವಾಪಸು ಬರಲು ರಸ್ತೆಯಿದೆ, ಜೀಪು ಸಿಗುತ್ತದೆ. ಖಲಿಯಾ ಟಾಪನ್ನು ಮೂರನೆಯ ಅಥವಾ ನಾಲ್ಕನೆಯ ದಿನಕ್ಕೆ ಇಟ್ಟುಕೊಳ್ಳಿ, ಅಲ್ಲಿಗೆ ಊರಿನ ಮಾರ್ಗದರ್ಶಕರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹಿಂದಿರುಗುವ ಸಮಯವನ್ನು ಹೊರಡುವ ಮುನ್ನವೇ ಅವರಿಗೆ ತಿಳಿಸಿ ಒಪ್ಪಿಸಿಕೊಂಡಿರಬೇಕು, ಮೇಲೆ ಹೋದ ಮೇಲೆ ಚರ್ಚೆ ಆರಂಭವಾಗಬಾರದು. ಉಳಿದ ದಿನಗಳನ್ನು ಖಾಲಿ ಬಿಡಿ. ಅಕ್ಟೋಬರ್ ಸುಗ್ಗಿಯ ಕಾಲ, ಭೌಗೋಳಿಕ ಸೂಚ್ಯಂಕ ಪಡೆದಿರುವ ಮುನ್ಸ್ಯಾರಿಯ ರಾಜ್ಮಾ ಅಂಗಳಗಳಿಗೆ ಬರುವ ಹೊತ್ತು; ಮನೆಯವರಿಗೆ ನಿಮ್ಮನ್ನು ಸುತ್ತಾಡಿಸಲು ಬಿಡುವಿಲ್ಲದಿರಬಹುದು. ಅವರ ಕೆಲಸದ ಪಕ್ಕದಲ್ಲಿ ಕೂತು ಒಂದು ಬೆಳಗನ್ನು ಕಳೆಯಲು ಬೇಸರವಿಲ್ಲದಿದ್ದರೆ ಮಾತ್ರ ನಿಧಾನ ಪ್ರವಾಸ ನಿಮಗೆ ಒಗ್ಗುತ್ತದೆ.

ಈ ಯೋಜನೆಯ ಕೊರತೆಯನ್ನೂ ಹೇಳಬೇಕು. ಜೋಹಾರ್ ಕಣಿವೆಯ ಒಳಗಿನ ಊರುಗಳನ್ನು ನೀವು ನೋಡುವುದಿಲ್ಲ. ಟಿಬೆಟ್ಟಿನೊಂದಿಗೆ ವ್ಯಾಪಾರ ನಡೆಸುತ್ತಿದ್ದ ಶೌಕಾ ಸಮುದಾಯದ ಮಾರ್ತೋಲಿ, ಬುರ್ಫು, ಮಿಲಂಗಳು 1962ರ ಯುದ್ಧದಿಂದ ಆ ವ್ಯಾಪಾರ ನಿಂತ ಮೇಲೆ ಬಹುಮಟ್ಟಿಗೆ ಬರಿದಾದವು. ಇಂದು ಬೇಸಗೆಯಲ್ಲಿ ಮೇಲೆ ಬರುವ ಕೆಲವು ಕುಟುಂಬಗಳೂ ಅಕ್ಟೋಬರ್ ಮುಗಿಯುವಷ್ಟರಲ್ಲಿ ಇಳಿದುಬಿಡುತ್ತವೆ, ಅಂದರೆ ನೀವು ಹೋಗುವ ಹೊತ್ತಿಗೆ ಊಟ ವಸತಿ ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ. ಅಲ್ಲಿಗೆ ಹೋಗಲೇಬೇಕೆಂದಿದ್ದರೆ ಇನ್ನೊಂದು ವರ್ಷ, ಹದಿನೆಂಟು ಇಪ್ಪತ್ತು ದಿನಗಳ ಬಿಡುವು ಮಾಡಿಕೊಂಡು, ಸೆಪ್ಟೆಂಬರ್ ಕೊನೆಯಲ್ಲಿ, ಸ್ಥಳೀಯ ಮಾರ್ಗದರ್ಶಕರು ಮತ್ತು ಹೊರೆ ಹೊರುವವರ ಜೊತೆ ಹೋಗಿ. ಬುಗ್ಡಿಯಾರಿನ 2,500 ಮೀಟರಿನಿಂದ ರಿಲ್‌ಕೋಟಿನ ಸುಮಾರು 3,100 ಮೀಟರಿಗೆ ಒಂದೇ ದಿನದಲ್ಲಿ ಏರುವ ರೂಢಿ ಆ ದಾರಿಯಲ್ಲಿದೆ. ನೀವು ಬುಗ್ಡಿಯಾರಿನಲ್ಲಿ ಎರಡು ರಾತ್ರಿ ಕಳೆದೇ ಮುಂದೆ ಹೋಗಬೇಕು. ಅಲ್ಲಿ ಕಣಿವೆ ಕಿರಿದಾಗಿ, ಮೇಲಿನಿಂದ ಕಲ್ಲುರುಳುವ ಜಾಗಗಳಿವೆ. ಗಡಿ ರಸ್ತೆ ಸಂಸ್ಥೆಯು ಮಿಲಂವರೆಗೆ ರಸ್ತೆ ನಿರ್ಮಿಸುವ ಕೆಲಸ ಕೈಗೊಂಡಿರುವುದರಿಂದ ಹಳೆಯ ಕಾಲ್ದಾರಿ ಹಲವೆಡೆ ಬದಲಾಗಿದೆ, ಬಂಡೆ ಸಿಡಿಸುವ ಹೊತ್ತಿನಲ್ಲಿ ತಡೆದು ನಿಲ್ಲಿಸುತ್ತಾರೆ. ಗಡಿಪ್ರದೇಶವಾದ್ದರಿಂದ ಇನ್ನರ್ ಲೈನ್ ಪರವಾನಗಿಯ, ಅಂದರೆ ಒಳಗೆ ಹೋಗಲು ಸರ್ಕಾರದ ಅನುಮತಿ ಪಡೆಯುವ, ನಿಯಮವೂ ಇದೆ; ಗುರುತಿನ ಚೀಟಿಯ ಮೂಲ ಪ್ರತಿಯೊಂದಿಗೆ ಮುನ್ಸ್ಯಾರಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು, ರಜಾದಿನಗಳನ್ನು ನೋಡಿಕೊಂಡು ಹೋಗಬೇಕು.

ಮಗ ಸೂಚಿಸಿದ ಪ್ರಸಿದ್ಧ ಚಾರಣವನ್ನು ನಾನು ಹೀಗಳೆಯುವುದಿಲ್ಲ. ತರಬೇತಿ ಪಡೆದ ನಾಯಕರು, ಔಷಧ ಪೆಟ್ಟಿಗೆ, ಅಡುಗೆ, ಡೇರೆ ಎಲ್ಲವೂ ಸಿದ್ಧವಾಗಿರುತ್ತವೆ, ಮೊದಲ ಸಲದವರಿಗೆ ಅದು ದೊಡ್ಡ ನೆಮ್ಮದಿ. ಆದರೆ ಅಲ್ಲಿ ದಿನಚರಿ ಮೊದಲೇ ನಿಗದಿಯಾಗಿರುತ್ತದೆ, ಇಪ್ಪತ್ತರ ಹರೆಯದವರ ಸಾಲಿನ ಕೊನೆಯಲ್ಲಿ ನೀವಿರುತ್ತೀರಿ. ತಡವಾಗುತ್ತಿದೆ ಎಂಬ ಸಂಕೋಚದಿಂದ ಮಂಡಿ ನೋವನ್ನು ಹೇಳದೆ ನಡೆಯುವವರನ್ನು, ತಲೆನೋವನ್ನು ಮುಚ್ಚಿಡುವವರನ್ನು ಅಂತಹ ಗುಂಪುಗಳಲ್ಲೇ ನಾನು ಹೆಚ್ಚು ಕಂಡಿದ್ದೇನೆ. ನಿಮ್ಮಿಬ್ಬರಿಗೆ ಅದರ ಸೌಲಭ್ಯಕ್ಕಿಂತ ಅದರ ಅವಸರದಿಂದಲೇ ಹೆಚ್ಚು ತೊಂದರೆಯಾದೀತು.

ಮಗನ ಚಿಂತೆಯನ್ನು ಇಳಿಸಲು ಬೇರೊಂದು ದಾರಿಯಿದೆ. ಪ್ರತಿದಿನ ಹೊರಡುವ ಮುನ್ನ ಯಾವ ಕಡೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಹೋಮ್‌ಸ್ಟೇ ಮನೆಯವರಿಗೂ ಮಗನಿಗೂ ತಿಳಿಸಿ, ಆ ಹೊತ್ತು ಮೀರಿ ಎರಡು ಗಂಟೆಯಾದರೆ ಯಾರು ಯಾರಿಗೆ ಕರೆ ಮಾಡಬೇಕು ಎಂಬುದನ್ನು ಬರೆದಿಡಿ. ಮುನ್ಸ್ಯಾರಿ ಪೇಟೆಯಲ್ಲಿ ಮೊಬೈಲ್ ಕೆಲಸ ಮಾಡುತ್ತದೆ. ಬೆಟ್ಟದ ಮರೆಗೆ ಹೋದೊಡನೆ ಅದರ ನೆಚ್ಚಿಕೆ ಬಿಡಬೇಕು. ವಿದೇಶದಲ್ಲಿರುವ ಬಂಧುಗಳು ಪ್ರೀತಿಯಿಂದ ಉಪಗ್ರಹ ಫೋನನ್ನೋ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನೋ ಕೊಟ್ಟರೆ ತೆಗೆದುಕೊಂಡು ಹೋಗಬೇಡಿ. ಭಾರತದಲ್ಲಿ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ, ಗಡಿಯ ಸಮೀಪದಲ್ಲಂತೂ ವಿವರಣೆ ಕೊಟ್ಟು ಪಾರಾಗುವಂಥದ್ದಲ್ಲ. ಒಂದು ಸೀಟಿ ಮತ್ತು ಟಾರ್ಚು ಸಾಕು. ನಿಮಿಷಕ್ಕೆ ಆರು ಬಾರಿ ಊದಿ ಅಥವಾ ಬೆಳಕು ತೋರಿಸಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಆರು ಬಾರಿ ಮಾಡುವುದು ಪರ್ವತಗಳಲ್ಲಿ ನೆರವು ಕೇಳುವ ಅಂತರರಾಷ್ಟ್ರೀಯ ಸಂಜ್ಞೆ.

ಅಕ್ಟೋಬರ್ ಎಂದರೆ ತಿಳಿಯಾದ ಆಕಾಶ ಎಂದು ಎಲ್ಲರೂ ಹೇಳುತ್ತಾರೆ, ಸಾಮಾನ್ಯವಾಗಿ ಅದು ನಿಜ. ಆದರೆ 2021ರ ಅಕ್ಟೋಬರ್ 18 ಮತ್ತು 19ರಂದು ಕುಮಾವೂನಿನಲ್ಲಿ ಸುರಿದ ಮಳೆಯನ್ನು ಮರೆಯುವಂತಿಲ್ಲ. ತಪ್ಪಲಿನ ಪಂತನಗರದಲ್ಲಿ 24 ಗಂಟೆಗಳಲ್ಲಿ 400 ಮಿಲಿಮೀಟರಿಗೂ ಹೆಚ್ಚು ಮಳೆಯಾಗಿ ರಸ್ತೆಗಳು ಕೊಚ್ಚಿಹೋದವು. ಅಂದು ಹವಾಮಾನ ಇಲಾಖೆ ಮುಂಚಿತವಾಗಿ ಎಚ್ಚರಿಕೆ ನೀಡಿತ್ತು. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಬಂದ ದಿನ ಎಲ್ಲಿದ್ದೀರೋ ಅಲ್ಲಿಯೇ ಉಳಿಯುವುದು, ರಸ್ತೆಗೆ ಇಳಿಯದಿರುವುದು, ಕೈಯಲ್ಲಿಟ್ಟುಕೊಂಡ ಆ ಒಂದು ದಿನವನ್ನು ಬಳಸಿಕೊಳ್ಳುವ ಸರಿಯಾದ ರೀತಿ. ಬಟ್ಟೆಯ ವಿಷಯದಲ್ಲಿ, ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಉಷ್ಣಾಂಶ ಇಳಿಯುವುದರಿಂದ ಖಲಿಯಾದ ಮೇಲೆ ಮುನ್ಸ್ಯಾರಿಗಿಂತ ಎಂಟು ಡಿಗ್ರಿಯಷ್ಟು ಹೆಚ್ಚು ಚಳಿಯಿರುತ್ತದೆ, ಗಾಳಿ ಬೀಸಿದರೆ ಇನ್ನೂ ಹೆಚ್ಚು ಅನಿಸುತ್ತದೆ. ಬೆವರಿದ ಹತ್ತಿಯ ಅಂಗಿ ಬೇಗ ಒಣಗದೆ ಮೈಯನ್ನು ತಣ್ಣಗಾಗಿಸುತ್ತದೆ, ಒಳಗೆ ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ ಧರಿಸಿ.

ಕೊನೆಯದಾಗಿ ಟಿಕೆಟ್ ಮತ್ತು ವಿಮೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ಆರಂಭವಾಗುತ್ತದೆ, ದಸರೆ ದೀಪಾವಳಿಯ ನಡುವಿನ ದಿನಗಳಲ್ಲಿ ದೆಹಲಿ ಮತ್ತು ಕಾಠಗೋದಾಮಿನ ನಡುವಿನ ರಾತ್ರಿ ರೈಲು ಬೇಗ ತುಂಬುತ್ತದೆ. ರೈಲು ತಲುಪುವ ದಿನವೇ ದೆಹಲಿಯಿಂದ ಬೆಳಗಿನ ವಿಮಾನಕ್ಕೆ ಟಿಕೆಟ್ ತೆಗೆಯಬೇಡಿ, ಸಂಜೆಯದನ್ನು ತೆಗೆಯಿರಿ. ಪ್ರವಾಸ ವಿಮೆ ಮಾಡಿಸುವಾಗ ಚಾರಣಕ್ಕೆ ಅನ್ವಯಿಸುತ್ತದೆಯೇ, ಎಷ್ಟು ಎತ್ತರದವರೆಗೆ, ಮೊದಲೇ ಇದ್ದ ರಕ್ತದೊತ್ತಡವನ್ನು ಹೊರಗಿಟ್ಟಿದ್ದಾರೆಯೇ ಎಂಬ ಮೂರನ್ನು ಓದಿ ನೋಡಿ. ಬಾಯಿಮಾತಿನ ಭರವಸೆಯನ್ನು ನೆಚ್ಚದೆ ಪಾಲಿಸಿಯ ಪ್ರತಿಯಲ್ಲೇ ಆ ಸಾಲುಗಳನ್ನು ತೋರಿಸಲು ಕೇಳಿ.